ಮದುವೆಗೆ 900 ಎಲೆ: ಅಡಿಕೆ ಹಾಳೆ ತಟ್ಟೆನಾ, ಸ್ಟೀಲಾ, ಇಲ್ಲಾ ಕಾಂಟ್ರಾಕ್ಟರ್ ಕೊಡೋ ಪೇಪರ್ ತಟ್ಟೆನಾ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ತೀರ್ಥಹಳ್ಳಿಯಲ್ಲಿ ನನ್ನ ತಂಗಿ ಮದುವೆ. ಹಿಂದಿನ ದಿನ ಸಂಜೆ ರಿಸೆಪ್ಷನ್‌ಗೆ 400 ಜನ, ಮದುವೆ ಊಟಕ್ಕೆ 500. ಅಡುಗೆ ಕಾಂಟ್ರಾಕ್ಟರ್ ಹತ್ತಿರ ಮಾತಾಡಿ "ಎಲೆಗೆ ಇಷ್ಟು" ಅಂತ ರೇಟ್ ಕೂಡ ಆಯಿತು. ಆಮೇಲೆ ಗೊತ್ತಾಯಿತು, ಅವರು ಎಲೆ ಅನ್ನುವುದು ಬಾಳೆ ಎಲೆಯನ್ನಲ್ಲ, ಬಾಳೆ ಎಲೆಯ ಚಿತ್ರ ಅಚ್ಚು ಹಾಕಿದ ಪೇಪರನ್ನು! ಬಫೆಗೆ ಬೆಳ್ಳಿ ಬಣ್ಣದ ಪೇಪರ್ ತಟ್ಟೆ. ಜೊತೆಗೆ ತಲೆಗೊಂದು ಚಿಕ್ಕ ನೀರಿನ ಬಾಟಲಿ.

ಹೋದ ವರ್ಷ ಚಿಕ್ಕಪ್ಪನ ಮಗನ ಮದುವೆಯಾದ ಮರುದಿನ ಛತ್ರದ ಹಿಂಭಾಗಕ್ಕೆ ಹೋಗಿದ್ದೆ. ಅರ್ಧ ಕುಡಿದ ಬಾಟಲಿಗಳ ರಾಶಿ. ಪಕ್ಕದಲ್ಲಿ ಎರಡು ದನ ಪಾಯಸ ಮೆತ್ತಿದ ತಟ್ಟೆಯನ್ನು ತಟ್ಟೆ ಸಮೇತ ಜಗಿಯುತ್ತಿದ್ದವು. ಅದು ಇನ್ನೂ ಕಣ್ಣ ಮುಂದೆ ಇದೆ.

ಮನೆಯಲ್ಲಿ ಹೇಳಿದರೆ ಅಪ್ಪ, "ನಾವೊಬ್ಬರು ಬಿಟ್ಟರೆ ಏನಾಗುತ್ತೆ? ಮೊದಲು ಫ್ಯಾಕ್ಟರಿ ಮುಚ್ಚಿಸಲಿ" ಅನ್ನುತ್ತಾರೆ. ಕಾಂಟ್ರಾಕ್ಟರ್, "ಗಿರಾಕಿ ಕೇಳಿದ್ದು ಕೊಡ್ತೀವಿ ಅಕ್ಕ" ಅನ್ನುತ್ತಾರೆ. ತಟ್ಟೆ ಮಾರುವ ಅಂಗಡಿಯವರು, "ಮೇಲಿಂದ ಬರೋದೇ ಇದು" ಅನ್ನುತ್ತಾರೆ. ಹಾಗಾದರೆ ಶುರು ಮಾಡಬೇಕಾದವರು ಯಾರು? ಅದಕ್ಕಿಂತ ಮೊದಲು ನನಗೆ ಬೇಕಾಗಿರುವುದು: ಹಾಳೆ ತಟ್ಟೆನಾ, ಸ್ಟೀಲಾ? ಖರ್ಚು ಎಷ್ಟು? ಮಾಡಿದವರು ಹೇಳಿ.

ಸಾಗರದ_ಸುಬ್ಬ
ಹಾಳೆ ತಟ್ಟೆ. ಅಡಿಕೆ ನಾಡಿನಲ್ಲಿ ಹುಟ್ಟಿ ಇದನ್ನೂ ಕೇಳಬೇಕಾ ಮಾರಾಯ್ತಿ?

ಬಯಲುಸೀಮೆ
ಸುಬ್ಬಣ್ಣ, ನಿಮಗೆ ಹಿತ್ತಲಲ್ಲಿ ಹಾಳೆ ಬೀಳುತ್ತೆ, ನಮಗೆ ಬೀಳಲ್ಲ. ನಮ್ಮ ಕಡೆ ಇಸ್ತ್ರಿ ಎಲೆ ಇತ್ತು, ಮುತ್ತುಗದ ಎಲೆ ಕಡ್ಡಿ ಚುಚ್ಚಿ ಹಚ್ಚಿದ್ದು. ಮದುವೆಗೆ ತಿಂಗಳು ಮೊದಲೇ ಅಜ್ಜಿಯರು ಕೂತು ಎಲೆ ಹಚ್ಚುತ್ತಿದ್ದರು. ಈಗ ಹಚ್ಚುವವರೂ ಇಲ್ಲ, ಮುತ್ತುಗದ ಮರವೂ ಇಲ್ಲ. ಪೂಜೆ ಸಾಮಾನಿನ ಅಂಗಡಿಯಲ್ಲಿ ಕಟ್ಟಿಗೆ ಇಷ್ಟು ಅಂತ ಸಿಗುತ್ತೆ, ಅದರ ಹಿಂಭಾಗಕ್ಕೂ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ನೋಡಿ ತಗೊಳ್ಳಿ.

ಅಡುಗೆ_ಮನೆ_ಅಣ್ಣ
ನಾನೇ ಅಡುಗೆ ಕಾಂಟ್ರಾಕ್ಟರ್. ನಿಮ್ಮ ಊರಿನವನಲ್ಲ, ಬೈಬೇಡಿ. ನಮ್ಮ ಕಡೆಯದನ್ನೂ ಸ್ವಲ್ಪ ಕೇಳಿ.

ನಾನು ಒಂದು ಎಲೆಗೆ 240 ಹೇಳಿದರೆ ಪಕ್ಕದವನು 235 ಹೇಳುತ್ತಾನೆ. ಗಿರಾಕಿ ಅವನ ಹತ್ತಿರ ಹೋಗುತ್ತಾರೆ. ಐದು ರೂಪಾಯಿಗೆ! ಅದೇ ಗಿರಾಕಿ ಆಮೇಲೆ ಹೋಳಿಗೆ ಜೊತೆಗೆ ಇನ್ನೂ ಎರಡು ಸ್ವೀಟ್ ಸೇರಿಸಿ, ಎಲೆಗೆ 40 ರೂಪಾಯಿ ಜಾಸ್ತಿ ಕೊಡುತ್ತಾರೆ, ಒಂದು ಮಾತೂ ಆಡುವುದಿಲ್ಲ. ಅಡುಗೆಯಲ್ಲಿ ನಾವು ಕೈ ಹಿಡಿಯುವ ಹಾಗಿಲ್ಲ, ರುಚಿ ಕೆಟ್ಟರೆ ಹೆಸರು ಹೋಗುತ್ತೆ. ಹಾಗಾಗಿ ಉಳಿಸುವುದು ತಟ್ಟೆಯಲ್ಲಿ. ಪೇಪರ್ ತಟ್ಟೆ ನನಗೆ ಎರಡು ರೂಪಾಯಿ ಒಳಗೆ ಬೀಳುತ್ತೆ. ಹತ್ತು ಇಂಚಿನ ಹಾಳೆ ತಟ್ಟೆ ಹೋಲ್‌ಸೇಲ್‌ನಲ್ಲೇ ನಾಲ್ಕರ ಆಸುಪಾಸು. ಒಳ್ಳೆ ಕುಡಿ ಬಾಳೆ ಎಲೆ ಲಗ್ನದ ದಿನಗಳಲ್ಲಿ ಏಳು ಎಂಟು ರೂಪಾಯಿಗೂ ಹೋಗುತ್ತೆ.

ಅಂದರೆ ವ್ಯತ್ಯಾಸ ಇರುವುದು ಬರೀ ಎರಡು ಮೂರು ರೂಪಾಯಿ. ನೀವು ರೇಟ್ ಮಾತಾಡುವ ಮೊದಲೇ "ನಮಗೆ ಹಾಳೆ ತಟ್ಟೆ ಬೇಕು, ಅದನ್ನು ಸೇರಿಸಿ ಹೇಳಿ" ಅಂದರೆ ಎಲ್ಲ ಕಾಂಟ್ರಾಕ್ಟರೂ ಅದರ ಮೇಲೇ ರೇಟ್ ಹೇಳುತ್ತಾರೆ. ರೇಟ್ ಮುಗಿದ ಮೇಲೆ ಕೇಳಿದರೆ ಅದು ನನ್ನ ಜೇಬಿನಿಂದ ಹೋಗುತ್ತೆ. ಯಾರು ಒಪ್ಪುತ್ತಾರೆ ಹೇಳಿ?

ತುಂಗಾತೀರ
ಅಯ್ಯೋ, ನಾನು ಮುಗಿದ ಮೇಲೆಯೇ ಕೇಳಿದ್ದು 😬

ಮೈಸೂರು_ಮಲ್ಲಿಗೆಪ್ರಿಯೆ
ಹಾಳೆ ತಟ್ಟೆ ಒಳ್ಳೆಯದಲ್ಲವಂತೆ ಕಣ್ರೀ. ಅಮೆರಿಕದಲ್ಲಿ ಬ್ಯಾನ್ ಮಾಡಿದ್ದಾರಂತೆ, ಕ್ಯಾನ್ಸರ್ ಬರುತ್ತಂತೆ. ನಮ್ಮ ಫ್ಯಾಮಿಲಿ ಗ್ರೂಪ್‌ನಲ್ಲಿ ಬಂದಿತ್ತು.

ಸಾಗರದ_ಸುಬ್ಬ
ಶುರುವಾಯಿತು ವಾಟ್ಸಾಪ್ ಯೂನಿವರ್ಸಿಟಿ. ನನ್ನನ್ನು ಹುಟ್ಟಿದಾಗಿನಿಂದ ಹಾಳೆಯಲ್ಲೇ ಮಲಗಿಸಿ ಎಣ್ಣೆ ಹಚ್ಚಿ ಮೀಯಿಸಿದ್ದು. ತೋಟಕ್ಕೆ ಹೋದರೆ ತಲೆಗೆ ಹಾಳೆ ಟೊಪ್ಪಿ. ನನಗೇನಾಗಿದೆ?

ಬಯಲುಸೀಮೆ
ಏನೂ ಆಗಿಲ್ಲ ಅಂತ ನಾವು ಹೇಳಬೇಕು, ನೀವಲ್ಲ 😀

ಹಾಳೆ_ಯೂನಿಟ್
ಇದಕ್ಕೆ ಉತ್ತರ ಕೊಡಲೇಬೇಕು, ಏಕೆಂದರೆ ಏಟು ತಿಂದವನು ನಾನು. ಕೊಪ್ಪದ ಹತ್ತಿರ ಹಾಳೆ ತಟ್ಟೆ ಯೂನಿಟ್ ಇದೆ, ನಾಲ್ಕು ಮೆಷಿನ್.

ಸುದ್ದಿ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಡಿಎ, ಅಂದರೆ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ, ಅಡಿಕೆ ಹಾಳೆಯ ತಟ್ಟೆ ಬಟ್ಟಲು ಬಳಸಬೇಡಿ, ಮಾರಬೇಡಿ ಅಂತ ಹೇಳಿತು. ಅಡಿಕೆ ಮರದಲ್ಲಿರುವ ಅರೆಕೋಲಿನ್ ತರಹದ ಹಾನಿಕರ ಅಂಶಗಳು ತಟ್ಟೆಯಿಂದ ಊಟಕ್ಕೆ ಇಳಿಯಬಹುದು, ಇದು ಸುರಕ್ಷಿತ ಅಂತ ಒಪ್ಪಿಕೊಳ್ಳಲು ಆಧಾರ ಇಲ್ಲ ಅನ್ನುವುದು ಅವರ ವಾದ. ತಟ್ಟೆಯಲ್ಲಿ ಉಂಡವರಿಗೆ ಕ್ಯಾನ್ಸರ್ ಬಂತು ಅಂತ ಅವರು ಹೇಳಿಲ್ಲ. ಅದೂ ಇದೂ ಬೇರೆ.

ನಮ್ಮ ಮಾಲು ಏಜೆಂಟ್ ಮೂಲಕ ಅಲ್ಲಿಗೇ ಹೋಗುತ್ತಿತ್ತು. ಒಂದೇ ಫೋನ್‌ನಲ್ಲಿ ಆರ್ಡರ್ ನಿಂತಿತು. ಅವರಿಗೆ ಅಂತ ಮಾಡಿಸಿದ ಚೌಕ ತಟ್ಟೆ, ಚಟ್ನಿ ಬಟ್ಟಲಿನಷ್ಟು ಚಿಕ್ಕ ಬೌಲ್‌ಗಳ ಡೈ (ಒತ್ತುವ ಅಚ್ಚು) ಎಲ್ಲ ಮೂಲೆಯಲ್ಲಿ ಬಿದ್ದಿವೆ. ಚೌಕ ತಟ್ಟೆಯಲ್ಲಿ ನಮ್ಮವರು ಯಾರು ಅನ್ನ ಸಾರು ಕಲಸುತ್ತಾರೆ? ಮೂಲೆಯಿಂದ ಸಾರು ಇಳಿಯುತ್ತೆ.

ಆಗ ಊರಿನ ಮದುವೆಗಳ ಕಡೆ ತಿರುಗಿದೆ. ಇಲ್ಲಿ ಬೇರೆಯೇ ಕಷ್ಟ. ಕಾಂಟ್ರಾಕ್ಟರ್‌ಗಳಿಗೆ ಹನ್ನೆರಡು ಇಂಚು ಬೇಕು, ಅದಕ್ಕೆ ಅಗಲ ಹಾಳೆಯೇ ಆಗಬೇಕು. ಒಂದು ಮರ ವರ್ಷಕ್ಕೆ ಐದಾರು ಹಾಳೆ ಉದುರಿಸುತ್ತೆ, ಎಲ್ಲವೂ ಅಗಲ ಇರುವುದಿಲ್ಲ. ಮಳೆಗಾಲದಲ್ಲಿ ಬಿದ್ದದ್ದು ಕೊಳೆಯುತ್ತೆ ಇಲ್ಲಾ ಬೂಷ್ಟು ಹಿಡಿಯುತ್ತೆ. ಒಳ್ಳೆ ಹಾಳೆ ಸಿಗುವುದು ಡಿಸೆಂಬರ್‌ನಿಂದ ಮೇವರೆಗೆ. ಬಿದ್ದ ಒಂದೆರಡು ದಿನದಲ್ಲಿ ಹೆಕ್ಕಿ ಒಣಗಿಸಿ ಕಟ್ಟಬೇಕು. ತೋಟದವರಿಗೆ ಕೆಲಸದವರೇ ಸಿಗುತ್ತಿಲ್ಲ, ಇನ್ನು ಹಾಳೆ ಹೆಕ್ಕುವವರು ಎಲ್ಲಿ? ಕೆಲವರು ಕತ್ತರಿಸಿ ದನಕ್ಕೆ ಹಾಕುತ್ತಾರೆ, ಕೆಲವರು ಮರದ ಬುಡಕ್ಕೇ ಹಾಕುತ್ತಾರೆ. ಅದೂ ತಪ್ಪಲ್ಲ.

ಆಮೇಲೆ ಕರೆಂಟು. ಡೈ ಬಿಸಿ ಏರುವ ಹೊತ್ತಿಗೆ ವೋಲ್ಟೇಜ್ ಇಳಿಯುತ್ತೆ. ಲಗ್ನ ಇರುವ ವಾರ ಎಲ್ಲರಿಗೂ ಒಟ್ಟಿಗೆ ಹತ್ತು ಸಾವಿರ ತಟ್ಟೆ ಬೇಕು, ಆಷಾಢದಲ್ಲಿ ಕೇಳುವವರಿಲ್ಲ. ದುಡ್ಡು ಎರಡು ತಿಂಗಳು ಬಿಟ್ಟು ಕೊಡುತ್ತಾರೆ. ಪೇಪರ್ ತಟ್ಟೆ ಫ್ಯಾಕ್ಟರಿಗೆ ಇದು ಯಾವುದೂ ಇಲ್ಲ. ರೋಲ್ ಹಾಕಿದ, ಸ್ವಿಚ್ ಒತ್ತಿದ, ವರ್ಷವಿಡೀ ಒಂದೇ ಸೈಜು.

ಅಕ್ಕ, ನಿಮ್ಮ ಮದುವೆ ಫೆಬ್ರವರಿ ಅಂದರೆ ಈಗಲೇ ಹತ್ತಿರದ ಯಾವುದಾದರೂ ಯೂನಿಟ್‌ಗೆ ಹೇಳಿ, ಅರ್ಧ ಅಡ್ವಾನ್ಸ್ ಕೊಡಿ. ಅಡ್ವಾನ್ಸ್ ಬಂದರೆ ನಾವು ತೋಟದವರಿಗೆ ಮೊದಲೇ ದುಡ್ಡು ಕೊಟ್ಟು ಹಾಳೆ ಹಿಡಿಯಬಹುದು. ಜಗಳ ಪರಿಸರದ್ದು ಅಂತ ಎಲ್ಲರೂ ಹೇಳುತ್ತಾರೆ, ನಮಗೆ ಅದು ಕೈಯಲ್ಲಿ ಓಡಾಡುವ ದುಡ್ಡಿನದು.

ಅಡುಗೆ_ಮನೆ_ಅಣ್ಣ
ಎರಡು ತಿಂಗಳು ಬಿಟ್ಟು ಕೊಡ್ತೀವಿ ಅನ್ನುವುದು ನಿಜ, ಯಾಕೆ ಅಂತ ಕೇಳಿ. ಮದುವೆ ಮನೆಯವರು ನಮಗೆ ಕೊಡುವುದೇ ಬೀಗರ ಔತಣ ಎಲ್ಲ ಮುಗಿದ ಮೇಲೆ.

ಲ್ಯಾಬ್_ಕೋಟು
ಸುಬ್ಬಣ್ಣನ ಮಾತಿಗೆ ಒಂದು ತಕರಾರು. ಅಜ್ಜಿ ಹಾಳೆಯಲ್ಲಿ ಮೀಯಿಸಿದ್ದು ಪ್ರಯೋಗಾಲಯದ ವರದಿ ಅಲ್ಲ. ಬಿಸಿ ಸಾರು, ಹುಳಿ, ಎಣ್ಣೆ ಹಾಕಿ ಅರ್ಧ ಗಂಟೆ ಬಿಟ್ಟರೆ ಎಷ್ಟು ಇಳಿಯುತ್ತೆ ಅಂತ ಅಳೆದು ತೋರಿಸಬೇಕಾದವರು ಈ ಉದ್ಯಮದವರೇ. ಒಬ್ಬೊಬ್ಬ ಯೂನಿಟ್‌ನವರ ಕೈಯಲ್ಲಿ ಆಗದ ಖರ್ಚು ಅದು, ಸೇರಿ ಮಾಡಿಸಬೇಕು. ಇಷ್ಟು ವರ್ಷ "ನ್ಯಾಚುರಲ್" ಅಂತ ಒಂದು ಪದ ಬರೆದು ರಫ್ತು ಮಾಡಿದರು, ಕೇಳಿದಾಗ ಕಾಗದ ಇಲ್ಲ.

ಇನ್ನೊಂದು ಕಡೆ, ಹಾಳೆ ಬಿಟ್ಟು ಪೇಪರ್ ಕಪ್ಪು ಹಿಡಿದವರು ಗೆದ್ದರು ಅಂದುಕೊಳ್ಳಬೇಡಿ. ಅದರ ಒಳಗೆ ತೆಳು ಪ್ಲಾಸ್ಟಿಕ್ ಪದರ ಇದೆ. ಐಐಟಿ ಖರಗ್‌ಪುರದವರು 2020ರಲ್ಲಿ ನೋಡಿದ್ದಾರೆ: 100 ಎಂಎಲ್ ಬಿಸಿ ನೀರು 15 ನಿಮಿಷ ಇಟ್ಟರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣ ಬಿಡುತ್ತೆ. ಹಾಳೆ ತಟ್ಟೆಯಲ್ಲಿ ಊಟ ಮಾಡುವ ಮದುವೆಗೆ ವರ್ಷಕ್ಕೆ ಹತ್ತು ಸಲ ಹೋಗುತ್ತೀರಾ? ಪೇಪರ್ ಕಪ್ಪಿನ ಟೀ ದಿನಕ್ಕೆ ಮೂರು ಸಲ.

ಮೈಸೂರು_ಮಲ್ಲಿಗೆಪ್ರಿಯೆ
ಸರಿ, ಒಪ್ಪಿದೆ. ಗ್ರೂಪ್‌ಗೆ ಇದನ್ನೇ ಕಳಿಸ್ತೀನಿ.

ನೇರ_ಮಾತು
ಎಲ್ಲರೂ ಸುಮ್ನೆ ಸುತ್ತಿ ಬಳಸಿ ಮಾತಾಡುತ್ತಿದ್ದೀರಿ. ಸರ್ಕಾರ ಬ್ಯಾನ್ ಮಾಡಿದೆಯಲ್ಲ? ಕರ್ನಾಟಕದಲ್ಲಿ 2016ರಲ್ಲೇ ಆಯಿತು. ದೇಶಕ್ಕೆಲ್ಲ 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ, ಸ್ವೀಟ್ ಬಾಕ್ಸ್‌ಗೆ ಸುತ್ತುವ ಹಾಳೆ ಎಲ್ಲ ಬಂದ್. ಹಿಡಿದು ದಂಡ ಹಾಕಿದರೆ ಮುಗಿಯಿತು. ಗ್ರಾಹಕ ಬದಲಾಗಬೇಕು, ಮನಸ್ಸು ಬದಲಾಗಬೇಕು ಅನ್ನುವುದೆಲ್ಲ ಭಾಷಣ.

ಕಾಯಿದೆ_ಪುಸ್ತಕ
ಹಾಗಲ್ಲ ಸಾರ್. ಬೆಳ್ಳಿ ಬಣ್ಣದ ತಟ್ಟೆ ಮಾರುವವನು "ಇದು ಪ್ಲಾಸ್ಟಿಕ್ ಅಲ್ಲ, ಪೇಪರ್" ಅನ್ನುತ್ತಾನೆ. ಲೇಪನ ಇದ್ದರೂ ಹೆಸರು ಪೇಪರ್ ತಟ್ಟೆ. ತಮಿಳುನಾಡಿನವರು 2019ರ ಜನವರಿ 1ರಿಂದ ನಿಷೇಧ ತಂದಾಗ ಪ್ಲಾಸ್ಟಿಕ್ ಲೇಪಿಸಿದ ಪೇಪರ್ ತಟ್ಟೆ, ಪೇಪರ್ ಕಪ್ಪು ಅಂತ ಹೆಸರು ಹಿಡಿದೇ ಬರೆದರು. ಪಟ್ಟಿ ಬರೆಯುವುದರಲ್ಲೇ ಅರ್ಧ ಕೆಲಸ ಇದೆ.

ಗುಜರಿ_ಲೆಕ್ಕ
ನಾನು ಬೆಂಗಳೂರಿನಲ್ಲಿ ಒಣ ಕಸ ವಿಂಗಡಿಸುವ ಕಡೆ ಕೆಲಸ ಮಾಡುತ್ತೇನೆ. ದಿನಾ ನೋಡುವುದನ್ನು ಹೇಳುತ್ತೇನೆ.

ಹಾಲಿನ ಕವರ್ ಬಂದರೆ ತೊಳೆದಿದ್ದರೆ ಸಾಕು, ಕೊಳ್ಳುವವರಿದ್ದಾರೆ. ನೀರಿನ ಬಾಟಲಿಗೂ ಇದ್ದಾರೆ. ರಟ್ಟು, ಪೇಪರ್, ಬಿಯರ್ ಬಾಟಲಿ ಎಲ್ಲದಕ್ಕೂ ರೇಟ್ ಇದೆ. ಈ ಬೆಳ್ಳಿ ತಟ್ಟೆ ಇದೆಯಲ್ಲ, ಅದು ಪೇಪರ್‌ನವರಿಗೂ ಬೇಡ, ಪ್ಲಾಸ್ಟಿಕ್‌ನವರಿಗೂ ಬೇಡ. ಅದರ ಮೇಲೆ ಸಾಂಬಾರು ಬೇರೆ. ಕೊನೆಗೆ ಸಿಮೆಂಟ್ ಫ್ಯಾಕ್ಟರಿಯ ಗೂಡಿಗೆ ಕಳಿಸುವ ರಾಶಿಗೆ ಹಾಕುತ್ತೇವೆ. ಅದಕ್ಕೆ ನಮಗೆ ದುಡ್ಡು ಬರುವುದಿಲ್ಲ, ಲಾರಿ ಬಾಡಿಗೆ ಹೋಗುತ್ತೆ ಅಷ್ಟೇ. ನಮಗೆ ಬೆಲೆ ಇರುವ ಕಸ ರಸ್ತೆಯಲ್ಲಿ ಉಳಿಯುವುದೇ ಇಲ್ಲ, ಬೆಳಿಗ್ಗೆ ಆರಕ್ಕೇ ಯಾರೋ ಹೆಕ್ಕಿರುತ್ತಾರೆ. ಉಳಿಯುವುದು ಯಾರಿಗೂ ಬೇಡದ್ದು. ಹಾಗಾಗಿ ಕಸ ಆಗುತ್ತಾ ಇಲ್ಲವಾ ಅನ್ನುವುದು ನಿಮ್ಮ ಮನೆಯಲ್ಲಿ ತೀರ್ಮಾನ ಆಗುವುದಲ್ಲ, ಅದನ್ನು ಮಾಡಿದ ಫ್ಯಾಕ್ಟರಿಯ ಟೇಬಲ್ ಮೇಲೆಯೇ ತೀರ್ಮಾನ ಆಗಿರುತ್ತೆ.

ಒಂದು ಕೋರಿಕೆ: ಹಾಲಿನ ಕವರ್‌ನ ಮೂಲೆ ಪೂರ್ತಿ ಕತ್ತರಿಸಿ ಬಿಸಾಡಬೇಡಿ. ಆ ಚೂರು ಯಾರ ಕೈಗೂ ಸಿಗುವುದಿಲ್ಲ. ಸ್ವಲ್ಪ ಅಂಟಿಕೊಂಡಿರಲಿ.

ಪ್ಯಾಕಿಂಗ್_ಪ್ರಾಣಿ
ಗುಜರಿ ಅಣ್ಣ ಹೇಳಿದ "ಫ್ಯಾಕ್ಟರಿಯ ಟೇಬಲ್" ಹತ್ತಿರ ಕೂರುವವನು ನಾನು. ತಿಂಡಿ ಪ್ಯಾಕೆಟ್ ಡಿಸೈನ್ ನನ್ನ ಕೆಲಸ. ಮೊದಲು ನಮ್ಮ ಮೀಟಿಂಗ್‌ಗಳಲ್ಲಿ ಕೇಳುತ್ತಿದ್ದುದು ಎರಡೇ ಪ್ರಶ್ನೆ: ಎಷ್ಟು ದಿನ ಗರಿಗರಿ ಇರುತ್ತೆ, ಎಷ್ಟು ಪೈಸೆ. 2022ರ ಫೆಬ್ರವರಿಯಲ್ಲಿ ಉತ್ಪಾದಕರ ಹೊಣೆಗಾರಿಕೆಯ ನಿಯಮ ಬಂತು, ಎಲ್ಲರೂ ಇಪಿಆರ್ ಅನ್ನುವುದು ಅದನ್ನೇ. ಮಾರುಕಟ್ಟೆಗೆ ಬಿಟ್ಟ ಪ್ಲಾಸ್ಟಿಕ್‌ಗೆ ಲೆಕ್ಕ ಕೊಡಬೇಕು, ಅಷ್ಟನ್ನು ಸಂಗ್ರಹಿಸಿ ಮರುಬಳಕೆ ಮಾಡಿಸಿದ ಸರ್ಟಿಫಿಕೇಟ್ ತೋರಿಸಬೇಕು. ಅಲ್ಲಿಂದ ಮೂರನೇ ಪ್ರಶ್ನೆ ಶುರುವಾಯಿತು: "ಇದನ್ನು ಒಂದೇ ಜಾತಿಯ ಪ್ಲಾಸ್ಟಿಕ್‌ನಲ್ಲಿ ಮಾಡೋಕಾಗಲ್ವಾ?" ಮೂರು ಪದರದ ಪ್ಯಾಕೆಟ್ ಬಿಟ್ಟು ಒಂದೇ ಬಗೆಯದಕ್ಕೆ ಹೋದ ಮಾಲು ನಮ್ಮಲ್ಲೂ ಇದೆ. ಪ್ರಕೃತಿ ಪ್ರೀತಿಯಿಂದಲ್ಲ, ಕಾಸು ಬೀಳುತ್ತೆ ಅಂತ.

ನೇರ_ಮಾತು
ಸರ್ಟಿಫಿಕೇಟ್! ಆ ನಕಲಿ ಸರ್ಟಿಫಿಕೇಟ್‌ಗಳ ಕಥೆ ಮರೆತರಾ? 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆಯಲ್ಲೇ ಸಿಕ್ಕಿಬಿತ್ತು. ಮರುಬಳಕೆ ಮಾಡದೆಯೇ ಕಾಗದ ಮಾರಿದ್ದರು.

ಪ್ಯಾಕಿಂಗ್_ಪ್ರಾಣಿ
ಮರೆತಿಲ್ಲ. ಸಿಕ್ಕಿದ್ದಾರೆ ಅಂದರೆ ಯಾರೋ ನೋಡುತ್ತಿದ್ದಾರೆ ಅಂತಲೂ ಅಲ್ವಾ? ಮೊದಲು ನೋಡುವವರೇ ಇರಲಿಲ್ಲ.

ಬರ್ಲಿನ್_ಬಸವನಗುಡಿ
ಇಲ್ಲಿ ಜರ್ಮನಿಯಲ್ಲಿ ನೀರಿನ ಬಾಟಲಿ ಮೇಲೆ 25 ಸೆಂಟ್ ಠೇವಣಿ. ಖಾಲಿ ಬಾಟಲಿಯನ್ನು ಅಂಗಡಿಯ ಮೆಷಿನ್‌ಗೆ ಹಾಕಿದರೆ ಚೀಟಿ ಬರುತ್ತೆ, ಅದನ್ನು ಕೊಟ್ಟರೆ ಬಿಲ್‌ನಲ್ಲಿ ಕಳೆಯುತ್ತಾರೆ. ರಸ್ತೆಯಲ್ಲಿ ಬಾಟಲಿ ಕಾಣುವುದೇ ಅಪರೂಪ. ನಮ್ಮವರಿಗೆ ಇಂಥದ್ದು ಯಾವಾಗ ಹೊಳೆಯುತ್ತೋ.

ಬಯಲುಸೀಮೆ
ಬರ್ಲಿನ್ ಸಾಹೇಬ್ರೇ, ಗೋಲಿ ಸೋಡಾ ಕುಡಿದು ಬಾಟಲಿ ತಗೊಂಡು ಹೋಗೋಕೆ ನೋಡಿದ್ದೀರಾ ಯಾವತ್ತಾದರೂ? ಅಂಗಡಿಯವನು ಬೀದಿ ಕೊನೆವರೆಗೂ ಓಡಿ ಬರುತ್ತಿದ್ದ. ಸೋಡಾ ಕ್ರೇಟಿಗೆ ಡಿಪಾಸಿಟ್ ನಮ್ಮ ತಾತನ ಕಾಲದಿಂದ ಇದೆ. ನೀಲಗಿರಿಯಲ್ಲಿ 2022ರಿಂದ ಹೆಂಡದ ಬಾಟಲಿಗೆ ಹತ್ತು ರೂಪಾಯಿ ಜಾಸ್ತಿ ತಗೊಂಡು ಖಾಲಿ ಬಾಟಲಿ ಕೊಟ್ಟರೆ ವಾಪಸ್ ಕೊಡುತ್ತಿದ್ದಾರೆ, ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ. ಕುಡಿದವನೂ ಬಾಟಲಿ ಜೋಪಾನ ಮಾಡುತ್ತಾನೆ. ಹೊಳೆಯದೆ ಏನು!

ಬರ್ಲಿನ್_ಬಸವನಗುಡಿ
ಸೋತೆ. ಗೋಲಿ ಸೋಡಾ ಮರೆತಿದ್ದೆ 🙏

ಇಡ್ಲಿ_ಪುರಾಣ
ಇಡ್ಲಿ ಕಥೆಯೂ ಇದೇ. ಮೊದಲು ಬಟ್ಟೆ ಹಾಕಿ ಬೇಯಿಸುತ್ತಿದ್ದರು. ಬಟ್ಟೆ ತೊಳೆಯುವ ಕಷ್ಟಕ್ಕೆ ಪ್ಲಾಸ್ಟಿಕ್ ಹಾಳೆ ಬಂತು. 2025ರ ಫೆಬ್ರವರಿಯಲ್ಲಿ ಆರೋಗ್ಯ ಇಲಾಖೆ ಹೋಟೆಲ್‌ಗಳಲ್ಲಿ ತಪಾಸಣೆ ಮಾಡಿಸಿ ಪ್ಲಾಸ್ಟಿಕ್ ಬೇಡ ಅಂದಿತು. ನಮ್ಮ ಬೀದಿಯ ಹೋಟೆಲ್‌ನವರು ಮರುದಿನವೇ ಬಿಳಿ ಬಟ್ಟೆ ತಂದರು. ಯಾಕೆ ಗೊತ್ತಾ? ಅಧಿಕಾರಿ ಬಂದಿರಲಿಲ್ಲ. ಟಿವಿ ನೋಡಿದ ಗಿರಾಕಿಗಳು ಒಬ್ಬೊಬ್ಬರಾಗಿ ಅಡುಗೆಮನೆಗೆ ಇಣುಕಿ ನೋಡಲು ಶುರು ಮಾಡಿದ್ದರು! ಆದೇಶ ಒಂದೇ ಇದ್ದಿದ್ದರೆ ಆಗುತ್ತಿರಲಿಲ್ಲ, ಇಣುಕುವುದು ಒಂದೇ ಇದ್ದಿದ್ದರೆ ಓಡಿಸುತ್ತಿದ್ದರು.

ಸಾಗರದ_ಸುಬ್ಬ
ತಟ್ಟೆ ಇಡ್ಲಿಯೋ ಮಲ್ಲಿಗೆ ಇಡ್ಲಿಯೋ?

ಇಡ್ಲಿ_ಪುರಾಣ
ತಟ್ಟೆ. ಬೇರೆ ಇಡ್ಲಿಯೂ ಇಡ್ಲಿಯಾ?

ಶಾರದಕ್ಕ
ನಾನು ಮಗಳ ಮದುವೆ ಸ್ಟೀಲ್ ತಟ್ಟೆಯಲ್ಲೇ ಮಾಡಿದೆ, ಅನುಭವ ಹೇಳುತ್ತೇನೆ. ಬೆಂಗಳೂರಿನಲ್ಲಿ ಅದಮ್ಯ ಚೇತನದವರ ಪ್ಲೇಟ್ ಬ್ಯಾಂಕ್ ಇದೆ, ಅಲ್ಲಲ್ಲಿ ಬಡಾವಣೆಯವರೇ ಸೇರಿ ಪಾತ್ರೆ ಇಟ್ಟುಕೊಂಡಿದ್ದೂ ಇದೆ. ಸಣ್ಣ ಊರಲ್ಲಾದರೆ ಶಾಮಿಯಾನದವರೇ ಬಾಡಿಗೆಗೆ ಕೊಡುತ್ತಾರೆ.

ತಟ್ಟೆಯ ಬಾಡಿಗೆ ದೊಡ್ಡದಲ್ಲ. ದೊಡ್ಡದು ತೊಳೆಯುವುದು. ನಾನು ನಾಲ್ಕು ಜನ ಹೆಂಗಸರನ್ನು ಬರೀ ತೊಳೆಯಲು ಇಟ್ಟಿದ್ದೆ. ಛತ್ರದವರು ನೀರು ಜಾಸ್ತಿ ಹೋಯಿತು ಅಂತ ಬೇರೆ ದುಡ್ಡು ಕೇಳಿದರು, ಆ ಬಗ್ಗೆ ಮೊದಲೇ ಮಾತಾಡಿಕೊಳ್ಳಿ. ಎರಡನೇ ಪಂಕ್ತಿಗೆ ತಟ್ಟೆ ಒದ್ದೆ ಇದ್ದರೆ ಜನ ಮೂಗು ಮುರಿಯುತ್ತಾರೆ, ಒರೆಸಲು ಬಟ್ಟೆ ರಾಶಿ ಬೇಕು. ಮುಖ್ಯವಾಗಿ, ತಟ್ಟೆಗಿಂತ ಮೊದಲು ನೀರಿನ ಬಾಟಲಿ ಬಿಡಿ. ಸ್ಟೀಲ್ ಲೋಟ, ನೀರಿನ ಜಗ್ಗು, ಬಡಿಸಲು ನಾಲ್ಕು ಹುಡುಗರು. ಅರ್ಧ ಬಾಟಲಿ ಕುಡಿದು ಬಿಡುವ ತಾಪತ್ರಯವೇ ಇಲ್ಲ. ನನಗೆ ಅದರಲ್ಲಿ ದುಡ್ಡೂ ಉಳಿಯಿತು.

ನೇರ_ಮಾತು
ತಟ್ಟೆ ತಟ್ಟೆ ಅಂತ ಹೊಡೆದಾಡುತ್ತಿದ್ದೀರಿ, ಎಲೆಯಲ್ಲಿ ಬಿಡುವ ಅನ್ನದ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ಒಂದು ಕೆಜಿ ಅಕ್ಕಿ ಬೆಳೆಯಲು ಸಾವಿರಾರು ಲೀಟರ್ ನೀರು ಬೇಕು. ಹಾಳೆ ತಟ್ಟೆಯಲ್ಲಿ ಅರ್ಧ ಹೋಳಿಗೆ ಬಿಸಾಡಿ ಪರಿಸರ ಉಳಿಸಿದೆವು ಅನ್ನುತ್ತೀರಿ.

ಅಡುಗೆ_ಮನೆ_ಅಣ್ಣ
ಇದಕ್ಕೆ ನೂರು ಲೈಕ್. ಮೊದಲ ಸಲ ನೇರ ಮಾತು ನೇರವಾಗಿದೆ. ಇಪ್ಪತ್ತೆರಡು ಐಟಂ ಮಾಡಿಸುತ್ತೀರಿ, ತಿನ್ನುವುದು ಎಂಟು. ಹೇಳಿದರೆ "ಬೀಗರು ಏನಂತಾರೆ" ಅನ್ನುತ್ತೀರಿ.

ಶಾರದಕ್ಕ
ಬೀಗರು ಏನಾದರೂ ಅಂದೇ ಅನ್ನುತ್ತಾರೆ, ಎಷ್ಟು ಐಟಂ ಮಾಡಿದರೂ.

ತುಂಗಾತೀರ
ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಆಗಿದೆ: ಕಾಂಟ್ರಾಕ್ಟರ್ ಹತ್ತಿರ ಮತ್ತೆ ಕೂತು ಮಾತಾಡಿದೆವು. ಎಲೆಗೆ ಐದು ರೂಪಾಯಿ ಜಾಸ್ತಿ, ಎರಡು ಐಟಂ ಕಡಿಮೆ. ಮದುವೆ ಊಟ ಪಂಕ್ತಿಯಲ್ಲಿ ನಿಜವಾದ ಬಾಳೆ ಎಲೆ. ರಿಸೆಪ್ಷನ್ ಬಫೆಗೆ ಹಾಳೆ ತಟ್ಟೆ, ಯೂನಿಟ್‌ಗೆ ಅರ್ಧ ಅಡ್ವಾನ್ಸ್ ಕೊಟ್ಟಾಯಿತು. ಬಾಟಲಿ ಇಲ್ಲ, ಸ್ಟೀಲ್ ಲೋಟ ಬಾಡಿಗೆಗೆ. ಅಪ್ಪ ಇನ್ನೂ "ಫ್ಯಾಕ್ಟರಿ ಮುಚ್ಚಿಸಲಿ" ಅನ್ನುತ್ತಲೇ ಇದ್ದಾರೆ, ಆದರೆ ಅಡ್ವಾನ್ಸ್ ಕೊಟ್ಟವರು ಅವರೇ. ಮುಗಿದ ಮೇಲೆ ಬಂದು ಹೇಳುತ್ತೇನೆ.

ಹಾಳೆ_ಯೂನಿಟ್
ತಟ್ಟೆ ಬಂದ ಕೂಡಲೇ ಬಿಸಿಲಲ್ಲಿ ಒಂದು ಸಲ ಹರಡಿ. ಕಟ್ಟು ಬಿಚ್ಚದೆ ಗೋಡೌನ್‌ನಲ್ಲಿ ಇಟ್ಟು ಆಮೇಲೆ ಬೂಷ್ಟು ಅಂತ ಫೋನ್ ಮಾಡುವವರೇ ಜಾಸ್ತಿ.

ತುಂಗಾತೀರ
*(ಫೆಬ್ರವರಿ ಕೊನೆಯ ವಾರ)*
ಮದುವೆ ಚೆನ್ನಾಗಿ ಆಯಿತು. ಬಿಸಿಲಿಗೆ ಹರಡಿದ್ದರಿಂದ ತಟ್ಟೆ ಒಂದೂ ಕೆಡಲಿಲ್ಲ, 60 ಉಳಿದಿವೆ. ಬಾಳೆ ಎಲೆ ಎಲ್ಲ ಪಕ್ಕದ ತೋಟದವರ ಗೊಬ್ಬರದ ಗುಂಡಿಗೆ ಹೋಯಿತು. ರಿಸೆಪ್ಷನ್‌ನಲ್ಲಿ ಗೋಬಿ ಮಂಚೂರಿ ಕೌಂಟರಿನವನು ಮಾತ್ರ ನಮಗೆ ಗೊತ್ತಿಲ್ಲದೆ ತನ್ನದೇ ಪ್ಲಾಸ್ಟಿಕ್ ಬಟ್ಟಲು ತಂದಿದ್ದ. ಅವನಿಗೆ ಯಾರೂ ಹೇಳಿರಲೇ ಇಲ್ಲ.

ಒಂದೇ ಸಮಸ್ಯೆ. ಶಾಮಿಯಾನದವರಿಗೆ ಲೆಕ್ಕ ಕೊಡುವಾಗ ಸ್ಟೀಲ್ ಲೋಟ 14 ಕಡಿಮೆ ಬಂದವು. ದುಡ್ಡು ಕೊಡಬೇಕಂತೆ. ಇದನ್ನು ಕಾಂಟ್ರಾಕ್ಟರ್ ಕೊಡಬೇಕೋ, ನಾವು ಕೊಡಬೇಕೋ?

ಅಡುಗೆ_ಮನೆ_ಅಣ್ಣ
ನೀವು. ಲೋಟ ಯಾವಾಗಲೂ ಮದುವೆ ಮನೆಯವರ ನೆಂಟರ ಬ್ಯಾಗಿನಲ್ಲೇ ಇರುತ್ತವೆ.

ಸಾಗರದ_ಸುಬ್ಬ
ಉಳಿದ 60 ತಟ್ಟೆ ಏನು ಮಾಡ್ತೀರಿ? ನಮ್ಮಲ್ಲಿ ಮುಂದಿನ ವಾರ ಸತ್ಯನಾರಾಯಣ ಪೂಜೆ ಇದೆ.